ವರ್ತನೆಗೂ ಒಂದು ಲೆಕ್ಕವಿದೆ

ಬ್ಯಾಂಕಿನ ವೃತ್ತಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ವಾಣಿಜ್ಯ ಪದವೀಧರನು ಆರೋಗ್ಯ ಲೇಖನ ಬರೆಯಹೊರಟಿರುವುದಕ್ಕೆ ಅವನ ತಂಗಿಯ ಮಗನೇ ಕಾರಣ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಆ ಒಂಬತ್ತು ವರ್ಷದ ಬಾಲಕನು ತನ್ನ ಹಣೆಯನ್ನು ತಾನೇ ಹೊಡೆದುಕೊಳ್ಳುತ್ತಿದ್ದನು. "ದಿನವಿಡೀ ಹೊಡೆದುಕೊಳ್ಳುತ್ತಾನೆ, ಅಣ್ಣಾ" ಎಂದು ತಂಗಿ ಕಣ್ಣೀರಿಡುತ್ತಿದ್ದಳು. "ಆಗೊಮ್ಮೆ ಈಗೊಮ್ಮೆ ಅಷ್ಟೆ" ಎನ್ನುತ್ತಿದ್ದರು ಭಾವನವರು. ಖಾತೆ ಒಂದೇ, ಹೇಳಿಕೆ ಎರಡು. ವೋಚರ್ ಮಾತ್ರ ಒಂದೂ ಇಲ್ಲ! ಮನಶ್ಶಾಸ್ತ್ರಜ್ಞರು, "ಮೊದಲು ಒಂದು ವಾರ ಎಣಿಸಿ ಬನ್ನಿ" ಎಂದರು.

ಈ ಎಣಿಕೆಯೇ ಅನ್ವಯಿಕ ವರ್ತನಾ ವಿಶ್ಲೇಷಣೆಯ ತಳಹದಿ. ಇದಕ್ಕೆಂದೇ ಮೀಸಲಾದ ಪತ್ರಿಕೆಯೊಂದು ಅಮೆರಿಕದಲ್ಲಿ 1968ರಲ್ಲಿ ಆರಂಭವಾಯಿತು. ನಮ್ಮ ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ 1984ರಲ್ಲಿ ಸ್ಥಾಪಿತವಾಗಿ, ಈಗ ರಾಷ್ಟ್ರೀಯ ಬೌದ್ಧಿಕ ದಿವ್ಯಾಂಗಜನ ಸಬಲೀಕರಣ ಸಂಸ್ಥೆ ಎಂದು ಹೆಸರಾಗಿರುವ ಕೇಂದ್ರದಿಂದ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು 1992ರಲ್ಲಿ ಭಾರತೀಯ ಮಕ್ಕಳಿಗಾಗಿ ವರ್ತನಾ ಮಾಪಕವೊಂದನ್ನು ಹೊರತಂದರು. ಅದರ ಮೊದಲ ಭಾಗದಲ್ಲಿ ಮಗು ಕಲಿತ ಕೌಶಲಗಳ 280 ಅಂಶಗಳಿವೆ. ಎರಡನೆಯದರಲ್ಲಿ ತೊಂದರೆಯ ವರ್ತನೆಗಳ 75 ಅಂಶಗಳಿದ್ದು, ಪ್ರತಿಯೊಂದಕ್ಕೂ "ಎಂದೂ ಇಲ್ಲ", "ಅಪರೂಪಕ್ಕೆ", "ಪದೇ ಪದೇ" ಎಂದು ಅಂಕ ಕೊಡಬೇಕು.

ಯಾವ ವರ್ತನೆಯನ್ನು ಅಳೆಯಬೇಕೆಂದು ಗೊತ್ತಾದ ಮೇಲೆ, ಅಳೆಯುವ ಬಗೆಗಳು ಹಲವು.

ಮೊದಲನೆಯದು ಸ್ಪಷ್ಟ ವ್ಯಾಖ್ಯೆ. "ಹಠ ಮಾಡಿದನು" ಎಂಬುದು ಜಮಾ-ಖರ್ಚಿಗೆ ಬಾರದ ಮಾತು. "ಅಂಗೈಯಿಂದ ಹಣೆಗೆ ಸದ್ದಾಗುವಂತೆ ಹೊಡೆದನು" ಎಂಬುದು ಎಣಿಸಬಲ್ಲ ಸಂಗತಿ. ಹೊಡೆತದಂತಹ ಕ್ಷಣಿಕ ಕ್ರಿಯೆಗೆ ಎಷ್ಟು ಸಲ ಎಂಬ ಎಣಿಕೆ ಸಾಕು. ಅಳುವಿನಂತೆ ಮುಂದುವರಿಯುವುದಕ್ಕೆ ಎಷ್ಟು ನಿಮಿಷ ಎಂಬ ಅವಧಿ ಬೇಕು. ಕರೆದಾಗಿನಿಂದ ಓಗೊಡುವವರೆಗಿನ ವಿಳಂಬವನ್ನೂ ಅಳೆಯಬಹುದು. ಅಡುಗೆಯಲ್ಲಿ ತೊಡಗಿದ ತಾಯಿಗೆ ಸದಾ ನೋಡುತ್ತಿರಲಾಗದು. ಆಕೆ ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ, ಆ ಕ್ಷಣದಲ್ಲಿ ಮಗು ಆಟದಲ್ಲಿದೆಯೇ ಇಲ್ಲವೇ ಎಂದು ಗುರುತಿಸಿಕೊಳ್ಳಬಹುದು. ಆದರೆ ಕ್ಷಣಿಕ ಹೊಡೆತಗಳು ಈ ಪದ್ಧತಿಗೆ ಸಿಕ್ಕದೆ ತಪ್ಪಿಸಿಕೊಳ್ಳುತ್ತವೆ.

ನಮ್ಮಲ್ಲಿ ಪಾಸಿಂಗ್ ಆಫೀಸರನ ಸಹಿ ಇರುವಂತೆ ಇಲ್ಲಿಯೂ ಎರಡನೆಯ ಕಣ್ಣು ಅಗತ್ಯ. ಒಂದು ಸಂಜೆ ತಂಗಿಯೂ ನಾನೂ ಬೇರೆಬೇರೆಯಾಗಿ ಎಣಿಸಿದೆವು. ಅವಳದು 8, ನನ್ನದು 10. ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 80. ಸಾಮಾನ್ಯವಾಗಿ ಇಷ್ಟು ಹೊಂದಿಕೆಯಿದ್ದರೆ ಎಣಿಕೆಯನ್ನು ನಂಬಬಹುದು.

ಅತ್ಯಂತ ಉಪಯುಕ್ತವಾದುದು ಮೂರು ಅಂಕಣಗಳ ಪುಸ್ತಕ: ಮುಂಚೆ ಏನಾಯಿತು, ಮಗು ಏನು ಮಾಡಿತು, ಅನಂತರ ಏನಾಯಿತು. ಸಂಜೆ ಆರರಿಂದ ಎಂಟರವರೆಗೆ, ಏಳು ದಿನಗಳಲ್ಲಿ ಒಟ್ಟು 46 ಹೊಡೆತಗಳು. ಅವುಗಳಲ್ಲಿ 31 ಸ್ಲೇಟು ಮುಂದಿಟ್ಟ ಕೂಡಲೇ ಬಂದವು. ಮೂರನೆಯ ಅಂಕಣದಲ್ಲಿ ಪ್ರತಿಸಲವೂ ಒಂದೇ ಬರಹ: "ಸ್ಲೇಟು ತೆಗೆದೆವು." ಮಾತು ಬಾರದ ಮಗು ಹೊಡೆತದಿಂದಲೇ "ಸಾಕು" ಎನ್ನುತ್ತಿತ್ತು, ಅದು ಫಲಿಸುವುದೆಂದು ಕಲಿಸಿದವರು ನಾವೇ! ತಂಗಿ ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದಳು.

ತಜ್ಞರ ಸಲಹೆಯಂತೆ ಪಾಠವನ್ನು ಕಿರಿದುಗೊಳಿಸಿ, "ಸಾಕು" ಎಂಬುದಕ್ಕೆ ಒಂದು ಕೈಸನ್ನೆಯನ್ನು ಕಲಿಸಿದೆವು. ಆರು ವಾರಗಳ ತರುವಾಯ ಅದೇ ಹೊತ್ತಿನ ವಾರದ ಮೊತ್ತ 15. ಪೂರ್ಣ ನಿಂತಿಲ್ಲ, ಇಳಿದಿರುವುದಂತೂ ನಿಶ್ಚಯ. ಮೊದಲ ವಾರದ ಲೆಕ್ಕವಿಲ್ಲದಿದ್ದರೆ ಇದನ್ನು ನಂಬುವ ಧೈರ್ಯ ನಮಗೆಲ್ಲಿತ್ತು?

ಒಂದು ಎಚ್ಚರಿಕೆ. ಹೊಡೆದುಕೊಳ್ಳುವುದು ಹಠಾತ್ತನೆ ಆರಂಭವಾದರೆ ಕಿವಿನೋವೋ ಹಲ್ಲುನೋವೋ ಇರಬಹುದು. ಅಂತಹ ವೇಳೆಯಲ್ಲಿ, ಅಥವಾ ಗಾಯವಾಗುವಂತಿದ್ದರೆ, ಎಣಿಸುತ್ತ ಕೂರದೆ ಒಡನೆ ವೈದ್ಯರಲ್ಲಿಗೆ ಹೋಗಬೇಕು.

ಊರು ಬಿಟ್ಟು ಭಾಗ್ಯನಗರಕ್ಕೆ ಬಂದ ನಮಗೆ ಹಿರಿಯರ ನೆರವು ದೂರ. ಜನರ ಮಾತಿಗಂಜಿ ಇಂತಹ ಮಕ್ಕಳನ್ನು ಸಂಘದ ಸಮಾರಂಭಕ್ಕೂ ಕರೆತರದ ಬಂಧುಗಳಿದ್ದಾರೆ. ಅವರು ಮಗುವನ್ನು ದೂರುವ ಮೊದಲು ಒಂದು ವಾರ ಲೆಕ್ಕ ಬರೆಯಲಿ, ತಜ್ಞರನ್ನು ಕಾಣಲಿ. ಮುಂದಿನ ರಾಜ್ಯೋತ್ಸವಕ್ಕೆ ಮಗುವನ್ನೂ ಕರೆತರಲಿ ಎಂಬುದು ನನ್ನ ವಿನಂತಿ.