ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುನ್ನ ಇದನ್ನ ಓದಿ: ಅದರಲ್ಲೇ ಆಕಾಶ ನೋಡಬಹುದು, ದುಡ್ಡು ಬೇಕಿಲ್ಲ!

ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 7ರದ್ದು 2020ರ ಜನವರಿಯಲ್ಲೇ ಮುಗಿದಿತ್ತು. ಹೀಗಾಗಿ ಅಂಗಡಿಯಲ್ಲಿ ಬಿಲ್ ಹಾಕಲು ಇಟ್ಟಿದ್ದ, ಮನೆಯಲ್ಲಿ ಮಕ್ಕಳಿಗೆಂದು ತಂದಿದ್ದ ಹಳೇ ಕಂಪ್ಯೂಟರ್‌ಗಳು ಮೂಲೆ ಸೇರುತ್ತಿವೆ. ಅಂಗಡಿ ಲೆಕ್ಕ, ಬ್ಯಾಂಕ್ ವ್ಯವಹಾರಕ್ಕೆ ಇಂಥ ಮಷಿನ್ ಬಳಸದೇ ಇರೋದೇ ಒಳ್ಳೆಯದು. ಹಾಗಂತ ತೂಕಕ್ಕೆ ಹಾಕಬೇಕಿಲ್ಲ. ಮಕ್ಕಳಿಗೆ ನಕ್ಷತ್ರ, ಗ್ರಹ, ಗ್ರಹಣ ತೋರಿಸುವ ಕೆಲಸಕ್ಕೆ ಅದು ಇನ್ನೂ ಸಾಕಷ್ಟಾಯಿತು.

ಆಕಾಶ ಅಂದ್ರೆ ಲೆಕ್ಕ, ಭೂಮಿ ಅಂದ್ರೆ ಫೋಟೋ

ಇದೊಂದು ವ್ಯತ್ಯಾಸ ಗೊತ್ತಿದ್ದರೆ ಯಾವ ಕಂಪ್ಯೂಟರ್‌ಗೆ ಯಾವ ಸಾಫ್ಟ್‌ವೇರ್ ಎಂಬುದು ಸುಲಭ. ನಕ್ಷತ್ರಗಳ ಜಾಗ ಒಂದು ಪಟ್ಟಿಯಲ್ಲಿರುತ್ತದೆ. ಸೂರ್ಯ, ಚಂದ್ರ, ಗ್ರಹಗಳು ಯಾವ ದಿನ ಎಲ್ಲಿರುತ್ತವೆ ಅನ್ನೋದು ಲೆಕ್ಕ. ಪಂಚಾಂಗದವರು ಹಾಕುವುದೂ ಇದೇ ಬಗೆಯ ಲೆಕ್ಕವೇ. ಕಂಪ್ಯೂಟರ್‌ಗೆ ಇದು ದೊಡ್ಡ ಹೊರೆಯಲ್ಲ. 1984ರಲ್ಲೇ ಕಮೊಡೋರ್ 64 ಎಂಬ ಮನೆ ಕಂಪ್ಯೂಟರ್‌ಗೆ ‘ಸ್ಕೈ ಟ್ರಾವೆಲ್’ ಎಂಬ ಆಕಾಶ ತೋರಿಸುವ ಪ್ರೋಗ್ರಾಂ ಬಂದಿತ್ತು. ಆ ಕಂಪ್ಯೂಟರ್‌ನ ಮೆಮೊರಿ ಬರೀ 64 ಕೆಬಿ. ಈಗ ವಾಟ್ಸಾಪ್‌ನಲ್ಲಿ ಬರೋ ಎಷ್ಟೋ ಗುಡ್ ಮಾರ್ನಿಂಗ್ ಫೋಟೋಗಳೇ ಅದಕ್ಕಿಂತ ದೊಡ್ಡವು.

ಭೂಮಿ ತೋರಿಸುವ ಸಾಫ್ಟ್‌ವೇರ್ ಕಥೆ ಬೇರೆ. ಅದು ಉಪಗ್ರಹ ಮತ್ತು ವಿಮಾನದಿಂದ ತೆಗೆದ ಫೋಟೋಗಳನ್ನು ಇಂಟರ್ನೆಟ್‌ನಿಂದ ಎಳೆದುಕೊಂಡು ಜೋಡಿಸುತ್ತದೆ. ಅದಕ್ಕೆ ನೆಟ್ ಬೇಕು, ಮೆಮೊರಿಯೂ ಜಾಸ್ತಿ ಬೇಕು.

ಯಾವುದನ್ನು ಹಾಕಿಕೊಳ್ಳಬಹುದು?

ಮೊದಲನೆಯದು ಸ್ಟೆಲ್ಲೇರಿಯಂ. ಪೂರ್ತಿ ಉಚಿತ. ಜೊತೆಗೇ ಸುಮಾರು 6 ಲಕ್ಷ ನಕ್ಷತ್ರಗಳ ಪಟ್ಟಿ ಬರುತ್ತದೆ. ಒಮ್ಮೆ ಇನ್‌ಸ್ಟಾಲ್ ಮಾಡಿದ ಮೇಲೆ ನೆಟ್ ಬೇಕಿಲ್ಲ. ಹೊಸ ಆವೃತ್ತಿ ಹಳೇ ಮಷಿನ್‌ನಲ್ಲಿ ಓಡದಿದ್ದರೆ ಹಳೇ ಆವೃತ್ತಿಗಳೂ ಸಿಗುತ್ತವೆ. ಕಂಪ್ಯೂಟರ್ 32 ಬಿಟ್ಟೋ 64 ಬಿಟ್ಟೋ ಎಂದು ‘ಮೈ ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ನೋಡಿಕೊಂಡು, ಅದಕ್ಕೆ ತಕ್ಕದ್ದನ್ನೇ ಇಳಿಸಿಕೊಳ್ಳಬೇಕು.

ಸ್ಟೆಲ್ಲೇರಿಯಂಗೆ ಗ್ರಾಫಿಕ್ಸ್ ಸ್ವಲ್ಪ ಚೆನ್ನಾಗಿರಬೇಕು. ಅದು ಹೊರಲಾಗದ ಮಷಿನ್‌ಗೆ ‘ಕಾರ್ಟ್ ದು ಸಿಯೆಲ್’ ಇದೆ. ನೋಡಲು ಅಷ್ಟು ಚಂದ ಇಲ್ಲ, ನಕ್ಷೆಯ ಥರ ಇರುತ್ತದೆ. ಆದರೆ ಹಗುರ, ಇದೂ ಉಚಿತ. ಭೂಮಿ ಬಿಟ್ಟು ಶನಿ, ಗುರುವಿನ ಪಕ್ಕಕ್ಕೇ ಹೋಗಿ ನೋಡಿದಂತೆ ಬೇಕೆಂದರೆ 2001ರಿಂದ ಇರುವ ‘ಸೆಲೆಸ್ಟಿಯಾ’ ಇದೆ.

ಮೊದಲು ಊರು ಹೊಂದಿಸಿ

ಸ್ಟೆಲ್ಲೇರಿಯಂ ತಾನಾಗಿಯೇ ಬೇರೆ ಯಾವುದೋ ಊರಿನ ಆಕಾಶ ತೋರಿಸುತ್ತಿರಬಹುದು. ಎಫ್6 ಒತ್ತಿ ನಿಮ್ಮ ಊರು, ಇಲ್ಲವೇ ಹತ್ತಿರದ ಪಟ್ಟಣ ಆರಿಸಿ. ಎಫ್5 ಒತ್ತಿದರೆ ತಾರೀಖು, ಸಮಯ ಬದಲಿಸಬಹುದು. ಎಫ್3 ಹುಡುಕಲು. ಎಲ್ ಒತ್ತಿದರೆ ಕಾಲ ಬೇಗ ಓಡುತ್ತದೆ, ಕೆ ಒತ್ತಿದರೆ ಮಾಮೂಲಿ ವೇಗ, 8 ಒತ್ತಿದರೆ ಈಗಿನ ಸಮಯ.

ರೋಹಿಣಿ ಮಳೆ ಅಂತ ಯಾಕೆ ಅಂತಾರೆ?

ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಹುದು. ತಾರೀಖು ಜೂನ್ 1, ಸಮಯ ಮಧ್ಯಾಹ್ನ 12 ಇಟ್ಟು ಸೂರ್ಯನನ್ನು ಹುಡುಕಿ. ಆಮೇಲೆ ಎ ಒತ್ತಿ. ಹಗಲಿನ ಬೆಳಕು ಹೋಗಿ ಸೂರ್ಯನ ಹಿಂದಿರುವ ನಕ್ಷತ್ರಗಳು ಕಾಣುತ್ತವೆ. ಹತ್ತಿರದಲ್ಲೇ ಕೆಂಪಗೆ ಇರುವುದು ರೋಹಿಣಿ. ಸಾಫ್ಟ್‌ವೇರ್‌ನಲ್ಲಿ ಅದರ ಹೆಸರು ಆಲ್ಡೆಬರಾನ್. ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿರುತ್ತಾನೋ ಆ ಮಳೆಗೆ ಅದೇ ಹೆಸರು. ಜೂನ್ 15ಕ್ಕೆ ಇಟ್ಟರೆ ಸೂರ್ಯ ಮೃಗಶಿರಾ ಕಡೆ ಸರಿದಿರುತ್ತಾನೆ. ರೈತರ ಬಾಯಲ್ಲಿರೋ ಮಳೆ ಲೆಕ್ಕ ಆಕಾಶದಿಂದಲೇ ಬಂದದ್ದು ಅನ್ನೋದು ಹೀಗೆ ತಿಳಿಯುತ್ತದೆ.

ಹಿರಿಯರಿಗೆ 1980ರ ಫೆಬ್ರವರಿ 16 ನೆನಪಿರಬಹುದು. ಅವತ್ತು ಮಧ್ಯಾಹ್ನ ಹುಬ್ಬಳ್ಳಿ ಮತ್ತು ರಾಯಚೂರು ಭಾಗದಲ್ಲಿ ಪೂರ್ಣ ಸೂರ್ಯಗ್ರಹಣ ಆಗಿ ಹಗಲಲ್ಲೇ ಕತ್ತಲಾಗಿತ್ತು. ಊರು ಹುಬ್ಬಳ್ಳಿ, ಸಮಯ 3:30 ಇಟ್ಟು ನಿಧಾನಕ್ಕೆ ಮುಂದೆ ಓಡಿಸಿದರೆ ಅದೇ ಗ್ರಹಣ ಮತ್ತೆ ಕಾಣುತ್ತದೆ.

ನಮ್ಮೂರು ಮೇಲಿಂದ ಹೇಗಿದೆ?

ಇದಕ್ಕೆ ಗೂಗಲ್ ಅರ್ತ್ ಪ್ರೊ. ಮೊದಲು ವರ್ಷಕ್ಕೆ 399 ಡಾಲರ್ ಇತ್ತು, 2015ರ ಜನವರಿಯಿಂದ ಉಚಿತ. ಕಡೇಪಕ್ಷ 2 ಜಿಬಿ ರ್‍ಯಾಮ್ ಬೇಕು, 4 ಇದ್ದರೆ ಸಲೀಸು. ಅಷ್ಟಿಲ್ಲದಿದ್ದರೆ ಇಸ್ರೋದವರ ‘ಭುವನ್’ ಬ್ರೌಸರ್‌ನಲ್ಲೇ ತೆರೆಯುತ್ತದೆ. ಅದು 2009ರ ಆಗಸ್ಟ್‌ನಿಂದ ಇದೆ.

ಬಹಳ ಜನ ಇದನ್ನು ಲೈವ್ ಅಂದುಕೊಂಡಿದ್ದಾರೆ. ಲೈವ್ ಅಲ್ಲ. ಫೋಟೋ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಳೆಯದಿರುತ್ತದೆ. ಅರ್ತ್ ಪ್ರೊದಲ್ಲಿ ಗಡಿಯಾರದ ಗುರುತು ಒತ್ತಿದರೆ ಅದೇ ಜಾಗದ ಹಿಂದಿನ ವರ್ಷಗಳ ಫೋಟೋಗಳೂ ಬರುತ್ತವೆ. ಸೈಟ್ ಕೊಳ್ಳುವವರು ಆ ಜಾಗ ಮೊದಲು ಕೆರೆ ಅಂಗಳವಾಗಿತ್ತಾ, ಹಳ್ಳ ಹರಿಯುತ್ತಿತ್ತಾ ಎಂದು ಒಮ್ಮೆ ನೋಡಿಕೊಳ್ಳಬಹುದು. ಆದರೆ ಹದ್ದುಬಸ್ತಿಗೆ ಇದು ದಾಖಲೆಯಲ್ಲ, ಅದಕ್ಕೆ ಸರ್ವೆ ಇಲಾಖೆಯ ನಕ್ಷೆಯೇ ಬೇಕು.

ಇಷ್ಟು ಎಚ್ಚರ ಇರಲಿ

ಈ ಸಾಫ್ಟ್‌ವೇರ್‌ಗಳಿಗೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಆಯಾ ಸಾಫ್ಟ್‌ವೇರ್‌ನ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಸಪೋರ್ಟ್ ಮುಗಿದ ವಿಂಡೋಸ್ ಇದ್ದರೆ ಬೇರೆ ಒಳ್ಳೆಯ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿ, ಆಕಾಶ ನೋಡುವಾಗ ನೆಟ್ ತೆಗೆದಿಡಿ. ಅಂಗಡಿ ಮಷಿನ್ ಆಗಿದ್ದರೆ ಮಕ್ಕಳ ಕೈಗೆ, ಶಾಲೆಗೆ ಕೊಡುವ ಮೊದಲು ಗಿರಾಕಿಗಳ ಫೋನ್ ನಂಬರ್, ಬಿಲ್, ಪಾಸ್‌ವರ್ಡ್ ಎಲ್ಲ ಬೇರೆಡೆ ಉಳಿಸಿಕೊಂಡು ಅಳಿಸಿಬಿಡಿ.

2027ರ ಆಗಸ್ಟ್ 2ರ ಸಂಜೆ ನಮ್ಮ ರಾಜ್ಯಕ್ಕೂ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ನಿಮ್ಮ ಊರಲ್ಲಿ ಎಷ್ಟು ಹೊತ್ತಿಗೆ ಶುರು, ಎಷ್ಟು ಭಾಗ ಮುಚ್ಚುತ್ತದೆ ಎಂದು ಈಗಲೇ ಸ್ಟೆಲ್ಲೇರಿಯಂನಲ್ಲಿ ನೋಡಬಹುದು. ಆದರೆ ಆ ದಿನ ಸೂರ್ಯನನ್ನು ಬರಿಗಣ್ಣಿಂದ ನೋಡಬೇಡಿ, ಗ್ರಹಣದ ಕನ್ನಡಕ ಹಾಕಿಯೇ ನೋಡಿ.