ಕೊಂಡಿ ಯಂತ್ರದ್ದು, ಹೊಣೆ ಯಾರದು?

ಬೆಂಗಳೂರಿನ ಅನೇಕ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನದ ಕೆಲಸ ಆರಂಭವಾಗುವುದೇ 'ಜಿರಾ'ದಲ್ಲಿ ದಾಖಲಾದ ಟಿಕೆಟ್‌ಗಳಿಂದ. ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ 2002ರಲ್ಲಿ ಹೊರತಂದ ಈ ತಂತ್ರಾಂಶದಲ್ಲಿ ಒಂದು ಟಿಕೆಟ್ಟನ್ನು ಇನ್ನೊಂದಕ್ಕೆ ಜೋಡಿಸಬಹುದು: 'ಇದು ಅದನ್ನು ತಡೆದಿದೆ', 'ಇದು ಅದರದೇ ನಕಲು', 'ಎರಡಕ್ಕೂ ಸಂಬಂಧವಿದೆ'. ಬೇಸರ ತರಿಸುವ ಈ ಕೆಲಸ ಈಗ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳ ಪಾಲಾಗುತ್ತಿದೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಮುಕ್ತ ಮಾನದಂಡದ ನೆರವಿನಿಂದ, ಅನುಮತಿ ಪಡೆದ ಏಜೆಂಟ್ ಟಿಕೆಟ್‌ಗಳನ್ನು ಓದಿ ತಾನೇ ಕೊಂಡಿ ಬೆಸೆಯಬಲ್ಲದು.

ಅನುಕೂಲವೇನೋ ನಿಜ. ಆದರೆ ಪದಗಳು ಹೋಲುತ್ತವೆಂದ ಮಾತ್ರಕ್ಕೆ ಕೆಲಸಗಳು ಒಂದೇ ಆಗುವುದಿಲ್ಲ. 'ಪಾವತಿ ವಿಫಲ' ಎಂಬ ಎರಡು ದೂರುಗಳಲ್ಲಿ ಒಂದಕ್ಕೆ ಬ್ಯಾಂಕಿನ ಸರ್ವರ್, ಇನ್ನೊಂದಕ್ಕೆ ಸಂಸ್ಥೆಯದೇ ಕೋಡ್ ಕಾರಣವಿರಬಹುದು. ನಕಲೆಂದು ಒಂದನ್ನು ಮುಚ್ಚಿದರೆ ಆ ಗ್ರಾಹಕರ ಅಹವಾಲು ಅಲ್ಲಿಗೇ ಹೂತುಹೋಗುತ್ತದೆ. 'ತಡೆದಿದೆ' ಎಂಬುದರ ದಿಕ್ಕು ತಿರುವುಮುರುವಾದರೆ, ಮುಂದೆ ಸಾಗಬೇಕಿದ್ದ ತಂಡವೇ ಕೈಕಟ್ಟಿ ಕೂರುತ್ತದೆ. ವಿಳಂಬದ ಅಪವಾದವೂ ಅದರ ತಲೆಗೇ.

ಆದ್ದರಿಂದ 'ಸಂಬಂಧವಿದೆ' ಎಂಬ ನಿರುಪದ್ರವಿ ಕೊಂಡಿಯನ್ನು ಏಜೆಂಟೇ ಹಾಕಲಿ. ತಡೆ, ನಕಲುಗಳ ವಿಷಯದಲ್ಲಿ ಮಾತ್ರ ಅದು ಕಾರಣಸಹಿತ ಸೂಚಿಸಲಿ. ಕೆಲಸ ಬಲ್ಲವರೊಬ್ಬರು ತಮ್ಮ ಹೆಸರಿನಲ್ಲಿ ಅನುಮೋದಿಸಲಿ. ತಪ್ಪು ಕೊಂಡಿಯಿಂದಾಗಿ ಕಾದು ಕುಳಿತವರು ಪ್ರಶ್ನಿಸಿದಾಗ, ಉತ್ತರ ಹೇಳಲು ಒಬ್ಬರಿರಬೇಕು.