ಗಾಜಿನ ಭರಣಿಯೊಳಗೊಂದು ಕೆರೆ

ಚರ, ಅಚರ ಎಂಬ ಮಾತುಗಳನ್ನು ಹಿರಿಯರ ಬಾಯಲ್ಲಿ ಕೇಳುತ್ತಲೇ ನಾವು ಬೆಳೆದೆವು. ಅದನ್ನೇ ಇಂದಿನ ಮಗು ವಿಜ್ಞಾನದ ಪುಸ್ತಕದಲ್ಲಿ ಸಜೀವಿಗಳು, ನಿರ್ಜೀವ ವಸ್ತುಗಳು ಎಂದು ಎರಡು ಪಟ್ಟಿ ಮಾಡಿ ಕಂಠಪಾಠ ಮಾಡುತ್ತದೆ. ಪಟ್ಟಿ ಬರೆಯುವುದು ಸುಲಭ. ಆ ಎರಡರ ನಡುವೆ ಹಗಲಿರುಳು ನಡೆದಿರುವ ಕೊಡುಕೊಳ್ಳುವಿಕೆಯನ್ನು ಕಣ್ಣಾರೆ ಕಾಣಬೇಕಾದರೆ ತರಗತಿಯ ಕಿಟಕಿಯಲ್ಲಿ ಒಂದು ಗಾಜಿನ ಭರಣಿ ಇರಬೇಕು.

ಉಪ್ಪಿನಕಾಯಿಯ ದೊಡ್ಡ ಭರಣಿಯಾದರೂ ಆದೀತು. ಅದನ್ನು ಚೆನ್ನಾಗಿ ತೊಳೆದು ತಳದಲ್ಲಿ ಎರಡು ಬೆರಳು ದಪ್ಪ ಕೆರೆಮಣ್ಣು, ಅದರ ಮೇಲೆ ಮರಳು ಹರಡಿ, ಮುಕ್ಕಾಲು ಭಾಗ ನೀರು ತುಂಬಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಮೊದಲೇ ಒಂದು ಹಗಲು ರಾತ್ರಿ ತೆರೆದಿಡುವುದು ಒಳಿತು. ನೀರು ತಿಳಿಯಾದ ಮೇಲೆ ಹೈಡ್ರಿಲ್ಲಾ ಎಂಬ ನೀರುಗಿಡದ ನಾಲ್ಕಾರು ಕಡ್ಡಿಗಳನ್ನು ನೆಟ್ಟು, ಕೊಳದ ಎರಡು ಪುಟ್ಟ ಬಸವನಹುಳುಗಳನ್ನು ಬಿಡಬೇಕು. ಬೆಳಕು ಬೇಕು, ಉರಿಬಿಸಿಲು ಬೇಡ.

ಬೆಳಕು ಬಿದ್ದಾಗ ಗಿಡದ ಮೇಲೆ ಸಣ್ಣ ಗುಳ್ಳೆಗಳು ಮೂಡುವುದನ್ನು ಮಕ್ಕಳು ಕಾಣುವರು. ಅದು ಆಮ್ಲಜನಕ. ಹುಳುಗಳು ಅದನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಗಿಡವು ಬೆಳಕಿನ ನೆರವಿನಿಂದ ಅದನ್ನೇ ಆಹಾರವಾಗಿಸಿಕೊಳ್ಳುತ್ತದೆ. ಗಾಜಿಗಂಟಿದ ಪಾಚಿಯನ್ನು ಹುಳು ಮೇಯುತ್ತದೆ. ಅದರ ಹಿಕ್ಕೆಯನ್ನೂ ಉದುರಿದ ಎಲೆಯನ್ನೂ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಕೊಳೆಯಿಸಿ, ಅವುಗಳಲ್ಲಿನ ಸಾರಜನಕ ರಂಜಕಗಳನ್ನು ಗಿಡಕ್ಕೆ ಮರಳಿಸುತ್ತವೆ. ನಿರ್ಜೀವವೆಂದು ಪಟ್ಟಿಯಲ್ಲಿ ಬರೆದ ನೀರು, ಗಾಳಿ, ಬೆಳಕು, ಮಣ್ಣುಗಳಲ್ಲಿ ಒಂದೂ ಇಲ್ಲಿ ಸುಮ್ಮನೆ ಕುಳಿತಿಲ್ಲ.

ರಾತ್ರಿ ಏನಾಗುತ್ತದೆ? ಈ ಪ್ರಶ್ನೆಯನ್ನು ಮಕ್ಕಳು ಕೇಳದಿದ್ದರೆ ಉಪಾಧ್ಯಾಯರೇ ಕೇಳಬೇಕು. ಕತ್ತಲಲ್ಲಿ ಗಿಡ ಆಮ್ಲಜನಕವನ್ನು ತಯಾರಿಸದು. ತಾನೂ ಅದನ್ನು ಬಳಸುತ್ತದೆ. ಹೀಗಾಗಿ ನೀರಿನಲ್ಲಿ ಕರಗಿದ ಆಮ್ಲಜನಕ ಬೆಳಗಿನ ಜಾವದ ಹೊತ್ತಿಗೆ ತೀರ ಕಡಿಮೆಯಾಗಿರುತ್ತದೆ. ಇದನ್ನು ನೆನಪಿಟ್ಟುಕೊಂಡು ಇನ್ನೊಂದು ಭರಣಿಯಲ್ಲಿ ಒಂದು ಹಿಡಿ ಅನ್ನ ಹಾಕಿ ನೋಡಿರಿ. (ಇದರಲ್ಲಿ ಹುಳು ಬಿಡುವುದು ಬೇಡ. ಪಾಠಕ್ಕಾಗಿ ಪ್ರಾಣಿಯ ಉಸಿರುಗಟ್ಟಿಸುವ ವಿದ್ಯೆ ನಮ್ಮ ಮಕ್ಕಳಿಗೆ ಬೇಕಿಲ್ಲ.) ಕೆಲವೇ ದಿನಗಳಲ್ಲಿ ನೀರು ಕದಡಿ ನಾರುತ್ತದೆ. ಅನ್ನವನ್ನುಂಡ ಬ್ಯಾಕ್ಟೀರಿಯಾಗಳು ಮಿತಿಮೀರಿ ಹೆಚ್ಚಿ, ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ. ವಿಷ ಹಾಕಿದವರಿಲ್ಲ, ಹಾಕಿದ್ದು ಅನ್ನವೇ!

ಈ ಎರಡನೆಯ ಭರಣಿ ಮಹದೇವಪುರದ ಕಡೆಯವರಿಗೆ ಹೊಸದಲ್ಲ. ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿ ನೀರಿನ ಆಮ್ಲಜನಕ ಕುಸಿದದ್ದೇ ಕಾರಣವೆಂದು ಆಗ ಹೇಳಲಾಯಿತು. ಆ ಕೆರೆಯ ಹೆಚ್ಚುವರಿ ನೀರು ಹರಿಯುವುದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರು, ವರ್ತೂರುಗಳೆರಡೂ ಮಹದೇವಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಊರುಗಳು. ಸುಮಾರು 900 ಎಕರೆಯಷ್ಟು ವಿಶಾಲವಾದ ಬೆಳ್ಳಂದೂರು ಕೆರೆಗೆ ನಗರದ ಕೊಳಚೆಯ ದೊಡ್ಡದೊಂದು ಪಾಲು ದಶಕಗಳ ಕಾಲ ಹರಿದುಬಂತು. ಅದರೊಂದಿಗೆ ಬಂದದ್ದು ಬಟ್ಟೆ ಒಗೆಯುವ ಪುಡಿ. ಪುಡಿಯಲ್ಲಿನ ರಂಜಕ ಜಲಕಳೆಗೆ ಗೊಬ್ಬರವಾಯಿತು. ನೊರೆಬರಿಸುವ ಅಂಶವು ಕೋಡಿಯಲ್ಲಿ ಧುಮುಕುವ ನೀರಿನಲ್ಲಿ ಕಡೆದು ಬೆಣ್ಣೆಯಂತೆ ಮೇಲೆದ್ದಿತು. 2015ರಲ್ಲಿ ಆ ನೊರೆ ರಸ್ತೆಗೂ ಹಾರಿಬಂತು. 2017ರ ಫೆಬ್ರವರಿ 16ರಂದು ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಬಿದ್ದ ಕಥೆಯನ್ನು ಮಗು ಕೇಳಿದರೆ ಅಡುಗೂಲಜ್ಜಿಯ ಕಥೆಯೆಂದು ನಕ್ಕೀತು.

ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟುವುದನ್ನೇ ಕಾಯಕವಾಗಿ ಕೈಗೊಂಡವರು. ಇಂದಿನ ಸೊಲ್ಲಾಪುರದಲ್ಲಿ ಅವರ ಗುಡಿ ನೀರಿನ ನಡುವೆಯೇ ನಿಂತಿದೆ. ಅವರ ಹೆಸರು ಹೇಳುವ ನಾವು ನಮ್ಮ ಬಚ್ಚಲ ನೀರು ಯಾವ ಕೆರೆಗೆ ಸೇರುತ್ತದೆಂದು ಎಂದಾದರೂ ವಿಚಾರಿಸಿದ್ದೇವೆಯೇ? ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯ ನಿವಾಸಿಗಳು ವಿಚಾರಿಸಿದರು. ಪಾಲಿಕೆಯೊಡನೆ ಕೈಗೂಡಿಸಿ, ಹೂಳೆತ್ತಿಸಿ, ತಮ್ಮ ಕೆರೆಯನ್ನು ಉಳಿಸಿಕೊಂಡರು. ಹಕ್ಕಿಗಳು ಮರಳಿ ಬಂದವು. ಮಕ್ಕಳನ್ನು ಒಂದು ಭಾನುವಾರ ಅಲ್ಲಿಗೆ ಕರೆದೊಯ್ಯಬಹುದು.

ಶಾಲೆಗೆ ರಜೆ ಬಂದಾಗ ಭರಣಿಯನ್ನು ಮನೆಗೆ ತಂದು ಮುಂದುವರಿಸಬಹುದು. ಆರಿಹೋದಷ್ಟು ನೀರನ್ನು ಆಗಾಗ ಹಾಕಿದರಾಯಿತು. ಬೇಡವೆನಿಸಿದಾಗ ನೀರನ್ನು ಹೂಕುಂಡಕ್ಕೆ ಸುರಿಯಿರಿ. ಹುಳುಗಳನ್ನೂ ಗಿಡವನ್ನೂ ಮಾತ್ರ ಚರಂಡಿಗಾಗಲಿ ಬೇರೊಂದು ಕೆರೆಗಾಗಲಿ ಬಿಡದೆ, ಭರಣಿ ಇಟ್ಟಿರುವ ಇನ್ನೊಬ್ಬ ವಿದ್ಯಾರ್ಥಿಗೆ ಕೊಡಿರಿ.